ರಸ್ತೆಯ ಅಂದಾಜುಪಟ್ಟಿಯಲ್ಲಿ ವೀರಗಲ್ಲಿಗೆ ಜಾಗವಿಲ್ಲ: ನಮ್ಮೂರಿನ ಸ್ಮಾರಕಗಳಿಗೆ ಕಾನೂನಿನ ರಕ್ಷಣೆ ಎಲ್ಲಿಯವರೆಗೆ?

ಕೆರೆಏರಿ, ಶಿಕಾರಿಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನಮ್ಮ ಊರಿನ ಕೂಡುರಸ್ತೆಯನ್ನು ಈಗಿರುವ 3.75 ಮೀಟರಿನಿಂದ 5.5 ಮೀಟರಿಗೆ ಅಗಲಿಸುವ ಕಾಮಗಾರಿಗೆ ಮಂಜೂರಾತಿ ಸಿಕ್ಕಿದೆ. ಈ ರಸ್ತೆಗಾಗಿ ವರ್ಷಗಟ್ಟಲೆ ಅರ್ಜಿ ಬರೆದವರಲ್ಲಿ ನಾನೂ ಒಬ್ಬ. ಎದುರಿನಿಂದ ಬಸ್ಸು ಬಂದರೆ ಅಡಿಕೆ ತುಂಬಿದ ಗಾಡಿ ಗದ್ದೆಯ ಅಂಚಿಗೆ ಇಳಿಯಬೇಕು, ಮಳೆಗಾಲದಲ್ಲಿ ಇಳಿದ ಗಾಡಿ ಮತ್ತೆ ಮೇಲೆ ಬರುವುದಿಲ್ಲ. ಆದ್ದರಿಂದ ರಸ್ತೆ ಬೇಡವೆಂದು ಹೇಳಲು ಇದನ್ನು ಬರೆಯುತ್ತಿಲ್ಲವೆಂದು ಮೊದಲೇ ತಿಳಿಸುತ್ತೇನೆ.

ಕಳೆದ ವಾರ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದರು. ಕೆರೆ ಏರಿ ಶುರುವಾಗುವ ಮುಂಚಿನ ತಿರುವಿನಲ್ಲಿ ಆ ಬಿಳಿ ಗೆರೆಯು ಎರಡು ವೀರಗಲ್ಲು ಮತ್ತು ಒಂದು ಮಾಸ್ತಿಗಲ್ಲಿನ (ಸತಿ ಹೋದವಳ ನೆನಪಿಗೆ ನೆಟ್ಟ ಕಲ್ಲಿನ) ಬೆನ್ನ ಹಿಂದೆ ಹಾದುಹೋಗಿದೆ, ಅಂದರೆ ಮೂರೂ ಕಲ್ಲುಗಳು ರಸ್ತೆಯ ಪಾಲಿಗೆ ಬಂದಿವೆ. ತೂಬಿನ ಪಕ್ಕದಲ್ಲಿ ನಿಂತಿರುವ ಶಾಸನದ ಕಲ್ಲು ಹೊಸ ಮೋರಿಗೆ ಅಗೆಯುವ ಗುಂಡಿಯ ಜಾಗದಲ್ಲಿದೆ. ಅಲ್ಲಿಂದ ಸ್ವಲ್ಪ ಮುಂದೆ ಕೇಂದ್ರ ಪುರಾತತ್ವ ಇಲಾಖೆಯ ನೀಲಿ ಫಲಕವಿರುವ ದೇವಾಲಯವಿದ್ದು, ಅದರ ಪೌಳಿಯಿಂದ ನಮ್ಮ ರಸ್ತೆ ಸುಮಾರು 160 ಮೀಟರ್ ದೂರದಲ್ಲಿ ಹೋಗುತ್ತದೆ. ಸ್ಥಳದಲ್ಲಿದ್ದ ಕಿರಿಯ ಅಧಿಕಾರಿಯೊಬ್ಬರನ್ನು ವಿಚಾರಿಸಿದಾಗ ಅವರು ಸೌಜನ್ಯದಿಂದಲೇ ಉತ್ತರಿಸಿದರು: “ದೇವಸ್ಥಾನಕ್ಕೆ ಕಾನೂನಿದೆ ಮೇಷ್ಟ್ರೇ, ದಾರಿ ಬದಿಯ ಕಲ್ಲಿಗೆ ಯಾವ ಕಾನೂನೂ ಇಲ್ಲ.” ಆ ಮಾತು ನಿಜವೇ ಎಂಬುದು ನನ್ನ ಮೊದಲ ಪ್ರಶ್ನೆ.

ಇಲ್ಲಿಂದ ತಾಳಗುಂದ ದೂರವಿಲ್ಲ. ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು, ಮಯೂರಶರ್ಮನು ಕಂಚಿಯಲ್ಲಿ ಅವಮಾನಿತನಾಗಿ ರಾಜ್ಯ ಕಟ್ಟಿದ ಕಥೆಯನ್ನು ನಾವೆಲ್ಲ ಪಾಠದಲ್ಲಿ ಓದಿದವರೇ. ಆದರೆ ಅದೇ ಆವರಣದಲ್ಲಿ ಪುರಾತತ್ವ ಇಲಾಖೆ 2013ರ ಹೊತ್ತಿಗೆ ಅಗೆದಾಗ ಸಿಕ್ಕ ಸಿಂಹಕಟಾಂಜನದ (ಮೆಟ್ಟಿಲುಗಳ ಪಕ್ಕದ, ಸಿಂಹದ ಕೆತ್ತನೆಯ ಕಲ್ಲಿನ ಕಟ್ಟೆಯ) ಮೇಲೆ ಕನ್ನಡದ ಬರಹ ಕಾಣಿಸಿತು. ಅದು ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತ ಹಿಂದಿನದು ಎಂದು ಇಲಾಖೆ ಹೇಳಿತು. ಅದುವರೆಗೆ ಆ ಕಲ್ಲು ಊರಿನವರ ಕಾಲಡಿಯಲ್ಲೇ ಮಣ್ಣಿನಲ್ಲಿತ್ತು. ಅದೇ ಜಾಗದಲ್ಲಿ ಯಾರಾದರೂ ಜೆಸಿಬಿಯಿಂದ ಚರಂಡಿ ತೋಡಿದ್ದರೆ ಕನ್ನಡದ ಚರಿತ್ರೆಯ ಒಂದು ಪುಟ ಜಲ್ಲಿಯ ಕೆಳಗೆ ಹೋಗಿಬಿಡುತ್ತಿತ್ತು, ಹೋಯಿತೆಂದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ನನ್ನನ್ನು ಕಾಡುತ್ತಿರುವುದು ಇದೇ.

ಬಲ್ಲವರು ದಯವಿಟ್ಟು ತಿಳಿಸಬೇಕು. ಕಾನೂನು ನಮ್ಮೂರಿನ ಯಾವ ಕಲ್ಲಿನವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ? ಕಾಮಗಾರಿ ಆರಂಭವಾಗಲು ಹೆಚ್ಚು ದಿನಗಳಿಲ್ಲ.

ನ್ಯಾಯವಾದಿ, ಸಾಗರ

ಮೇಷ್ಟ್ರಿಗೆ ನಮಸ್ಕಾರ. ತಮ್ಮ ಪ್ರಶ್ನೆಗೆ ಎರಡು ಭಾಗಗಳಿವೆ. ನೀಲಿ ಫಲಕವಿರುವ ದೇವಾಲಯದ ಸುತ್ತಲಿನ ಕಾನೂನು ಬಹಳ ಬಿಗಿಯಾದದ್ದು, ವೀರಗಲ್ಲುಗಳ ವಿಷಯದಲ್ಲಿ ಕಾನೂನು ತೀರ ತೆಳುವಾದದ್ದು.

ಮೊದಲು ದೇವಾಲಯ. ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ, ಕುಬಟೂರಿನ ಕೈಟಭೇಶ್ವರ, ಇಕ್ಕೇರಿಯ ಅಘೋರೇಶ್ವರ, ಭದ್ರಾವತಿಯ ಲಕ್ಷ್ಮೀನರಸಿಂಹ, ಇವೆಲ್ಲ 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳು ಹಾಗೂ ಅವಶೇಷಗಳ ಕಾಯಿದೆಯ ಕೆಳಗೆ ರಾಷ್ಟ್ರೀಯ ಮಹತ್ವದ ಸ್ಮಾರಕಗಳು. ಇವುಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ವ್ಯವಸ್ಥೆ 1992ರ ಜೂನ್ 16ರ ಅಧಿಸೂಚನೆಯಿಂದ ಬಂದಿತು. ಆ ಬಳಿಕ ತಜ್ಞರ ಸಮಿತಿಯೊಂದರ ಶಿಫಾರಸಿನ ಮೇಲೆ ನಿಷೇಧಿತ ಪ್ರದೇಶದೊಳಗೂ ಅನುಮತಿ ಕೊಡುವ ರೂಢಿ ಬೆಳೆಯಿತು. ಆ ಸಮಿತಿಗೆ ಕಾನೂನಿನ ಆಧಾರವೇ ಇಲ್ಲವೆಂದು ದೆಹಲಿ ಹೈಕೋರ್ಟ್ 2009ರಲ್ಲಿ ತೀರ್ಪು ಕೊಟ್ಟಿತು. ಆಗ ಸಂಸತ್ತು 2010ರಲ್ಲಿ ತಿದ್ದುಪಡಿ ತಂದು, ಹಿಂದೆ ಕೊಟ್ಟಿದ್ದ ಅನುಮತಿಗಳನ್ನು ಊರ್ಜಿತಗೊಳಿಸಿತಾದರೂ, ಮುಂದಕ್ಕೆ 100 ಮೀಟರಿನ ಗೆರೆಯನ್ನು ಕಾಯಿದೆಯ ಒಳಗೇ ಬರೆದು ಆ ಬಾಗಿಲನ್ನು ಮುಚ್ಚಿತು. ಕಲಂ 20ಎ ಪ್ರಕಾರ ಈಗ ನಿಷೇಧಿತ ಪ್ರದೇಶದಲ್ಲಿ ಸಾರ್ವಜನಿಕ ಕಾಮಗಾರಿಗೂ ಹೊಸ ಅನುಮತಿ ಕೊಡುವಂತಿಲ್ಲ. ಮೊದಲು ಮೂರು ತಿಂಗಳ ಸೆರೆ ಅಥವಾ 5,000 ರೂಪಾಯಿ ದಂಡವಿದ್ದ ಶಿಕ್ಷೆಯನ್ನು ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುವಷ್ಟು ಹೆಚ್ಚಿಸಿದ್ದೂ ಅದೇ ತಿದ್ದುಪಡಿ.

ಒಂದು ಅಂಶವನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಈ 100 ಮೀಟರನ್ನು ಅಳೆಯಬೇಕಾದದ್ದು ಸಂರಕ್ಷಿತ ಪ್ರದೇಶದ ಗಡಿಯಿಂದ. ಗರ್ಭಗುಡಿಯಿಂದಲೋ ಗೋಪುರದಿಂದಲೋ ಅಲ್ಲ, ಕಣ್ಣಿಗೆ ಕಾಣುವ ಪೌಳಿಯೇ ಆ ಗಡಿಯೆಂದೂ ಭಾವಿಸಬಾರದು. ಕೆಲವು ಕಡೆ ಅಧಿಸೂಚನೆಯಲ್ಲಿ ಪೌಳಿಯಾಚೆಯ ಸರ್ವೆ ನಂಬರುಗಳೂ ಸೇರಿರುತ್ತವೆ. ಆದ್ದರಿಂದ ತಾವು ಹೇಳಿದ 160 ಮೀಟರ್ ಎಂಬುದು ಅಧಿಸೂಚನೆಯನ್ನೂ ಅದರ ನಕ್ಷೆಯನ್ನೂ ನೋಡುವ ತನಕ ಅಂದಾಜು ಮಾತ್ರ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಅದನ್ನು ಇಂದೇ ಕೇಳಿ.

160 ಮೀಟರ್ ಎಂದೇ ಇಟ್ಟುಕೊಂಡರೆ ತಮ್ಮ ರಸ್ತೆ ನಿಯಂತ್ರಿತ ಪ್ರದೇಶದಲ್ಲಿದೆ. ಅಲ್ಲಿ ಕಾಮಗಾರಿ ನಿಷಿದ್ಧವಲ್ಲ, ಆದರೆ ಅನುಮತಿ ಬೇಕು. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ ಹೋಗುತ್ತದೆ. ಅವರು 15 ದಿನಗಳೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು, ಅದು ಬಂದ ಒಂದು ತಿಂಗಳೊಳಗೆ ಅನುಮತಿ ಕೊಡುವುದೋ ನಿರಾಕರಿಸುವುದೋ ತೀರ್ಮಾನವಾಗಬೇಕು. ಎಲ್ಲ ಸೇರಿ ಮೂರೂವರೆ ತಿಂಗಳು. ರಸ್ತೆಯು ಕಟ್ಟಡವಲ್ಲ, ಹಾಗಾಗಿ ಅನುಮತಿ ಬೇಕಿಲ್ಲ ಎಂಬ ವಾದವನ್ನು ನಾನು ಕೇಳಿದ್ದೇನೆ. ಕಾಯಿದೆಯು ನಿರ್ಮಾಣ ಎಂಬ ಪದದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು, ವಿದ್ಯುತ್ತು ಮತ್ತು ಅಂಥ ಸೌಕರ್ಯಗಳನ್ನು. ಆ ಪಟ್ಟಿಯಲ್ಲಿ ರಸ್ತೆಯ ಹೆಸರಿಲ್ಲ. ಇರುವ ರಸ್ತೆಗೆ ಡಾಂಬರು ಹಾಕುವುದು ದುರಸ್ತಿಯಾದೀತು, ಅಗಲಿಸುವುದು ಮತ್ತು ತಡೆಗೋಡೆ ಕಟ್ಟುವುದು ದುರಸ್ತಿಯಾಗಲಾರದು ಎಂಬುದು ನನ್ನ ಓದು.

ಇನ್ನು ವೀರಗಲ್ಲುಗಳು. ಸಂವಿಧಾನದ 49ನೇ ವಿಧಿಯು ಸ್ಮಾರಕಗಳ ರಕ್ಷಣೆಯನ್ನು ಸರ್ಕಾರದ ಹೊಣೆಯೆಂದು ಹೇಳುತ್ತದೆ, ಆದರೆ ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದವುಗಳ ಮಟ್ಟಿಗೆ. ನಮ್ಮ ರಾಜ್ಯದ 1961ರ ಕಾಯಿದೆಯೂ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತವೆಂದು ಘೋಷಿಸಿದವುಗಳನ್ನೇ ಕಾಯುವುದು, ಕೇಂದ್ರದ 100 ಮತ್ತು 200 ಮೀಟರಿನ ಗೆರೆಗಳು ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ತಾವಾಗಿ ಅನ್ವಯಿಸುವುದಿಲ್ಲ. 1972ರ ಪುರಾವಸ್ತು ಕಾಯಿದೆಯ ಪ್ರಕಾರ 100 ವರ್ಷ ಮೀರಿದ ಶಿಲ್ಪ, ಶಾಸನಗಳು ಪುರಾವಸ್ತುಗಳೇ ಹೌದು. ಆದರೆ ಆ ಕಾಯಿದೆಯ ಗಮನವಿರುವುದು ಮಾರಾಟ, ಸಾಗಣೆ, ನೋಂದಣಿಗಳ ಕಡೆಗೆ. ರಸ್ತೆ ಮಾಡುವವರನ್ನು ತಡೆಯುವ ಮಾತು ಅದರಲ್ಲಿಲ್ಲ. ಘೋಷಣೆಯಾಗದ ಕಲ್ಲಿಗೆ ಕಾನೂನಿನ ಕಣ್ಣಿನಲ್ಲಿ ಹೆಸರಿಲ್ಲ. ಆ ಅಧಿಕಾರಿ ಹೇಳಿದ ಮಾತು ಕಠಿಣವಾದರೂ ಬಹುಮಟ್ಟಿಗೆ ನಿಜ.

ಹೆಂಚಿನಮನೆ, ಶಿಕಾರಿಪುರ ತಾಲ್ಲೂಕು

ನಾನು ಸಂರಕ್ಷಿತ ದೇವಾಲಯವೊಂದರ 100 ಮೀಟರಿನ ಒಳಗೆ ಹುಟ್ಟಿ ಬೆಳೆದವಳು. ನಮ್ಮ ಅಜ್ಜನ ಕಾಲದ ಮಣ್ಣಿನ ಗೋಡೆಯ, ಮಂಗಳೂರು ಹೆಂಚಿನ ಮನೆ ನಮ್ಮದು. ಎರಡು ವರ್ಷದ ಹಿಂದೆ ಪುಷ್ಯ ಮಳೆಗೆ ಹಿಂಬದಿಯ ಗೋಡೆ ಪೂರ್ತಿ ಕುಸಿಯಿತು. ಅತ್ತೆಯವರು ಜಗಲಿಯಲ್ಲಿ ಮಲಗಿದ್ದರಿಂದ ಉಳಿದರು. ಗೋಡೆ ಕಟ್ಟಿಕೊಳ್ಳಲು ಹೊರಟಾಗ ಅನುಮತಿ ತನ್ನಿ ಎಂದರು, ಅನುಮತಿ ಕೇಳಲು ಹೋದರೆ ಇದು ದುರಸ್ತಿಯೋ ಮರುನಿರ್ಮಾಣವೋ ಎಂದು ಕೇಳಿದರು. ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸುವುದಕ್ಕೆ ಏನೆಂದು ಹೆಸರಿಡಬೇಕು? ಎರಡು ಮಳೆಗಾಲ ಟಾರ್ಪಾಲು ಕಟ್ಟಿಕೊಂಡು ಕಳೆದೆವು.

ದೇವಸ್ಥಾನವನ್ನು ನಾವು ದ್ವೇಷಿಸುವುದಿಲ್ಲ. ಅದರ ಕಂಬಗಳ ನೆರಳಿನಲ್ಲಿ ಆಡಿದವರು ನಾವು, ಕಾರ್ತಿಕದಲ್ಲಿ ದೀಪ ಹಚ್ಚುವವರೂ ನಾವೇ. ಆದರೆ ಊರಿನಲ್ಲಿ ಇನ್ನೊಂದು ಶಾಸನ ಸಿಕ್ಕಿತೆಂದರೆ ಜನರಿಗೆ ಸಂತೋಷಕ್ಕಿಂತ ಮೊದಲು ಭಯವಾಗುತ್ತದೆ. ತೋಟದಲ್ಲಿ ಬರಹದ ಕಲ್ಲು ಕಂಡವರು ಅದನ್ನು ಮಗುಚಿ ಹಾಕಿ ಮಣ್ಣು ಎಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಲ್ಲನ್ನು ಉಳಿಸಿಕೊಳ್ಳಲು ಹೊರಟವರು ಈ ಭಯಕ್ಕೂ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ನ್ಯಾಯವಾದಿ, ಸಾಗರ

ಹೆಂಚಿನಮನೆ ಅವರೇ, ತಮ್ಮ ಮನೆಯ ಕಷ್ಟ ಕಾಯಿದೆಯ ಒಂದು ನಿಜವಾದ ಬಿರುಕಿನಲ್ಲಿದೆ. 1992ರ ಜೂನ್ 16ಕ್ಕೆ ಮುಂಚಿನಿಂದ ನಿಷೇಧಿತ ಪ್ರದೇಶದಲ್ಲಿರುವ ಮನೆಗಳ ಮಾಲೀಕರು ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಹಾಕಬಹುದೆಂದು ಕಲಂ 20ಸಿ ಹೇಳುತ್ತದೆ. ಮರುನಿರ್ಮಾಣವನ್ನು ಕಾಯಿದೆ ಬೇರೆ ಪದವಾಗಿ ವ್ಯಾಖ್ಯಾನಿಸಿದೆ, ಮತ್ತು ನಿಷೇಧಿತ ಪ್ರದೇಶದ ಅರ್ಜಿಯ ದಾರಿಯಲ್ಲಿ ಆ ಪದವಿಲ್ಲ. ಇಟ್ಟಿಗೆಯ ಕಟ್ಟಡಗಳ ನಗರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮವಿದು. ವರ್ಷಕ್ಕೊಮ್ಮೆ ಮಣ್ಣಿನ ಗೋಡೆ ನೆನೆದು ಜರಿಯುವ ಮಲೆನಾಡನ್ನು ಬರೆದವರು ನೆನೆಸಿಕೊಂಡಿರಲಾರರು.

ತಾವು ಮಾಡಬಹುದಾದದ್ದು ಇಷ್ಟು. ಮನೆ 1992ಕ್ಕಿಂತ ಹಳೆಯದೆಂಬುದಕ್ಕೆ ಪಂಚಾಯಿತಿಯ ಮನೆ ಕಂದಾಯದ ರಸೀದಿ, ವಿದ್ಯುತ್ ಸಂಪರ್ಕದ ಹಳೆಯ ಬಿಲ್ಲು, ಏನಿದ್ದರೂ ಜೋಡಿಸಿಕೊಳ್ಳಿ. ಉಳಿದ ಮೂರು ಗೋಡೆ ಮತ್ತು ಮಾಡು ನಿಂತಿರುವಾಗಲೇ ಫೋಟೊ ತೆಗೆದು, ನಿಂತಿರುವ ಮನೆಯ ಒಂದು ಗೋಡೆಯ ದುರಸ್ತಿ ಎಂದು ಅರ್ಜಿ ಹಾಕಿ. ಪೂರ್ತಿ ಬಿದ್ದ ಮೇಲೆ ಹಾಗೆ ಹೇಳಲು ಬರುವುದಿಲ್ಲ. ಇನ್ನೊಂದು ಮಾತನ್ನೂ ಊರಿನವರಿಗೆ ತಿಳಿಸಿ: ತೋಟದಲ್ಲಿ ಶಾಸನ ಕಂಡ ಮಾತ್ರಕ್ಕೆ 100 ಮೀಟರಿನ ಗೆರೆ ಬರುವುದಿಲ್ಲ. ಹೊಸದಾಗಿ ಒಂದು ಸ್ಮಾರಕವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸುವ ಮುಂಚೆ ಕೇಂದ್ರ ಸರ್ಕಾರ ಎರಡು ತಿಂಗಳ ಸೂಚನೆ ಕೊಡಬೇಕು, ಆಸಕ್ತರ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಕಲ್ಲನ್ನು ಮಗುಚಿ ಹಾಕುವುದಕ್ಕೆ ಕಾನೂನಿನಲ್ಲಿ ಕಾರಣವೇ ಇಲ್ಲ.

ತುಂಗಾತೀರ, ತೀರ್ಥಹಳ್ಳಿ

ಕಲ್ಲುಗಳನ್ನು ಜೋಪಾನವಾಗಿ ಎತ್ತಿ ಕೆಳದಿಯ ವಸ್ತುಸಂಗ್ರಹಾಲಯಕ್ಕೋ ಶಿವಮೊಗ್ಗಕ್ಕೋ ಸಾಗಿಸಿದರೆ ರಸ್ತೆಯೂ ಆಗುತ್ತದೆ, ಕಲ್ಲುಗಳೂ ಉಳಿಯುತ್ತವೆ ಅಲ್ಲವೇ? ಬೆಂಗಳೂರು-ಮೈಸೂರು ರೈಲು ಮಾರ್ಗವನ್ನು ಜೋಡಿ ಹಳಿಯಾಗಿಸುವಾಗ ಶ್ರೀರಂಗಪಟ್ಟಣದಲ್ಲಿ ಅಡ್ಡವಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಜಾಕ್‌ಗಳ ಮೇಲೆ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಇಡಿಯಾಗಿ ಸರಿಸಿದರು. ಅಷ್ಟು ದೊಡ್ಡ ಕಟ್ಟಡವೇ ಸರಿದಿರುವಾಗ ನಾಲ್ಕು ಕಲ್ಲು ಕಷ್ಟವಾಗಲಾರದು.

ಶಾಸನಾಸಕ್ತೆ, ಸೊರಬ

ತುಂಗಾತೀರ ಅವರ ಕಾಳಜಿ ಒಳ್ಳೆಯದೇ. ಬೇರೆ ದಾರಿಯೇ ಇಲ್ಲದಾಗ ಕಲ್ಲನ್ನು ಸಾಗಿಸುವುದು ಒಡೆಯುವುದಕ್ಕಿಂತ ಮೇಲು, ಅನುಮಾನವಿಲ್ಲ. ಆದರೆ ಅದು ಕಟ್ಟಕಡೆಯ ದಾರಿಯಾಗಿರಬೇಕು. ಏಕೆಂದು ಸ್ವಲ್ಪ ವಿವರಿಸುತ್ತೇನೆ.

ವೀರಗಲ್ಲಿನಲ್ಲಿ ಅಕ್ಷರ ಇಲ್ಲದಿದ್ದರೂ ಅದು ನಿಂತ ಜಾಗವೇ ಅರ್ಧ ಶಾಸನ. ಕೆಳಗಿನ ಹಂತದಲ್ಲಿ ಹಸುಗಳನ್ನು ಕೆತ್ತಿದ್ದರೆ ತುರುಗೊಳ್ ಕಾಳಗ (ದನಗಳನ್ನು ಅಪಹರಿಸಲು ಬಂದವರೊಡನೆ ನಡೆದ ಹೋರಾಟ) ಆ ಊರಿನ ಗಡಿಯಲ್ಲಿ ನಡೆದಿರಬಹುದು, ಮತ್ತು ಹಳೆಯ ದಾರಿ ಅಲ್ಲಿ ಹಾಯುತ್ತಿದ್ದಿರಬಹುದು. ತೂಬಿನ ಪಕ್ಕದ ಶಾಸನ ಆ ತೂಬಿಗೇ, ಆ ಕೆರೆಯ ಕೆಳಗಿನ ಗದ್ದೆಗೇ ಸಂಬಂಧಿಸಿದ್ದಾಗಿರುವುದು ಸಾಮಾನ್ಯ. “ಕೆರೆಯ ಕೆಳಗೆ ಗದ್ದೆ ಬಿಟ್ಟೆವು” ಎಂದು ಬರೆದ ಕಲ್ಲನ್ನು ಐವತ್ತು ಕಿಲೋಮೀಟರ್ ಆಚೆಯ ಕಟ್ಟಡವೊಂದರ ಅಂಗಳದಲ್ಲಿ ನಿಲ್ಲಿಸಿದರೆ, ಯಾವ ಕೆರೆ, ಯಾವ ಗದ್ದೆ? ಮಾಸ್ತಿಗಲ್ಲು ಯಾವ ಮನೆತನದ್ದೆಂದು ಊರಿನ ಹಿರಿಯರು ಇಂದಿಗೂ ಹೇಳಬಲ್ಲರು. ಕಲ್ಲು ಊರು ಬಿಟ್ಟರೆ ಆ ನೆನಪು ಒಂದು ತಲೆಮಾರಿನಲ್ಲಿ ಮುಗಿಯುತ್ತದೆ.

ನಮ್ಮ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ 1902ರಲ್ಲೂ ಎಂಟನೆಯ ಸಂಪುಟದಲ್ಲಿ 1904ರಲ್ಲೂ ಪ್ರಕಟಿಸಿದರು. ಶಿಕಾರಿಪುರ ತಾಲ್ಲೂಕು ಏಳರಲ್ಲಿದೆ, ನಮ್ಮ ಸೊರಬ ಎಂಟರಲ್ಲಿದೆ. ಪ್ರತಿ ಶಾಸನದ ತಲೆಯಲ್ಲಿ ಅದು ಎಲ್ಲಿತ್ತೆಂದು ಒಂದು ಸಾಲು ಇದೆ: ಕೆರೆಯ ಏರಿಯ ಮೇಲೆ, ಬಸವಣ್ಣನ ಗುಡಿಯ ಮುಂದೆ, ಹೊಲದಲ್ಲಿ, ಎಂದು. ಕೆಲವು ವರ್ಷಗಳಿಂದ ನಾವು ಮೂವರು ಸ್ನೇಹಿತೆಯರು ಬಿಡುವಾದ ಭಾನುವಾರಗಳಲ್ಲಿ ಆ ಒಂದೊಂದು ಸಾಲನ್ನು ಹಿಡಿದು ಊರೂರು ಹುಡುಕುತ್ತಿದ್ದೇವೆ. ಕೆಲವು ಕಲ್ಲುಗಳು ಅಲ್ಲೇ ಇವೆ. ಕೆಲವು ಮೋರಿಯ ಹಾಸಾಗಿ ಮುಖ ಕೆಳಗಾಗಿ ಮಲಗಿವೆ. ಕೆಲವು ಇದ್ದ ಜಾಗದಲ್ಲಿ ಈಗ ಡಾಂಬರಿದೆ, ಊರಿನವರಿಗೆ ಕಲ್ಲಿನ ನೆನಪೂ ಇಲ್ಲ. ನೂರು ವರ್ಷದ ಹಿಂದೆ ಯಾರೋ ಬರೆದಿಟ್ಟ ಆ ಸಾಲು ಇಲ್ಲದಿದ್ದರೆ ಕಳೆದುಕೊಂಡೆವೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಆದ್ದರಿಂದ ಮೇಷ್ಟ್ರಲ್ಲಿ ನನ್ನ ವಿನಂತಿ: ತೂಬಿನ ಶಾಸನ ಆ ಸಂಪುಟದಲ್ಲಿ ಅಚ್ಚಾಗಿದೆಯೇ ಎಂದು ಮೊದಲು ನೋಡಿ. ಅಚ್ಚಾಗಿದ್ದರೆ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿ. ದಾರಿ ಬದಿಯ ಕಲ್ಲು ಎಂದು ತಳ್ಳಿಹಾಕುವವರಿಗೂ ಮುದ್ರಿತ ಸಂಪುಟದಲ್ಲಿ ಸಂಖ್ಯೆಯಿರುವ ಶಾಸನವನ್ನು ತಳ್ಳಿಹಾಕುವುದು ಕಷ್ಟ.

ನಿವೃತ್ತ ಇಂಜಿನಿಯರ್, ಶಿವಮೊಗ್ಗ

ರಸ್ತೆ ಕಾಮಗಾರಿಗಳಲ್ಲೇ ಮೂವತ್ತು ವರ್ಷ ಕಳೆದವನಾಗಿ ಆ ಕಡೆಯ ಮಾತನ್ನೂ ಹೇಳುತ್ತೇನೆ. ಕಲ್ಲು ಒಡೆಯಬೇಕೆಂದು ಯಾರೂ ಒಡೆಯುವುದಿಲ್ಲ. ಅಂದಾಜುಪಟ್ಟಿ ತಯಾರಿಸುವಾಗ ಕಡಿಯಬೇಕಾದ ಮರಗಳನ್ನು ಎಣಿಸಿ ಬರೆಯುತ್ತೇವೆ, ವಿದ್ಯುತ್ ಕಂಬ ಸ್ಥಳಾಂತರಕ್ಕೆ ಹಣ ಇಡುತ್ತೇವೆ, ನೀರಿನ ಪೈಪಿಗೆ ಇಡುತ್ತೇವೆ. ವೀರಗಲ್ಲಿಗೆಂದು ಒಂದು ಸಾಲು ಆ ಪಟ್ಟಿಯಲ್ಲಿ ಇರುವುದನ್ನು ನಾನು ಕಾಣಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಗುತ್ತಿಗೆದಾರನಿಗೆ ಕಾಣುವುದಿಲ್ಲ. ಟೆಂಡರ್ ಆದ ಮೇಲೆ ಯಾರಾದರೂ ಬಂದು ಕಲ್ಲು ತೋರಿಸಿದರೆ, ಮೊತ್ತ ಬದಲಾಗುತ್ತದೆ, ಹೆಚ್ಚುವರಿ ಮಂಜೂರಾತಿ ಬೇಕಾಗುತ್ತದೆ, ಮಳೆಗಾಲ ತಲೆಯ ಮೇಲಿರುತ್ತದೆ. ಆಗ ಎಲ್ಲರಿಗೂ ಕಲ್ಲೇ ಅಡ್ಡಿಯಾಗಿ ಕಾಣುತ್ತದೆ. ನಾನು ಸೇವೆಯಲ್ಲಿದ್ದಾಗ ಹೀಗೆ ಒಂದು ಮಾಸ್ತಿಗಲ್ಲು ನನ್ನ ಕಣ್ಣೆದುರೇ ಎರಡು ತುಂಡಾಯಿತು. ಆ ಕೈ, ಬಳೆ, ಮೊಳಕೈಯ ಮಡಿಕೆ ಇಂದಿಗೂ ನನಗೆ ಮರೆಯುವುದಿಲ್ಲ.

ಭೂಸ್ವಾಧೀನವಾಗುವ ದೊಡ್ಡ ರಸ್ತೆಗಳಲ್ಲಾದರೆ ಒಂದು ಅವಕಾಶವಿದೆ. ರಾಷ್ಟ್ರೀಯ ಹೆದ್ದಾರಿ ಕಾಯಿದೆಯಲ್ಲಿ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಜಮೀನಿನಲ್ಲಿ ಹಿತಾಸಕ್ತಿಯುಳ್ಳವರು ಆಕ್ಷೇಪಣೆ ಸಲ್ಲಿಸಬಹುದು. ನಿಮ್ಮಂಥ ಊರಿನ ರಸ್ತೆ ಅಗಲಿಸುವುದು ಸಾಮಾನ್ಯವಾಗಿ ಈಗಿರುವ ರಸ್ತೆಯ ಮೇರೆಯೊಳಗೇ. ಸ್ವಾಧೀನವಿಲ್ಲ, ಆದ್ದರಿಂದ ಸೂಚನೆಯೂ ಇಲ್ಲ, ಆಕ್ಷೇಪಣೆಯೂ ಇಲ್ಲ. ಇನ್ನೂ ಒಂದು ತೊಡಕೆಂದರೆ ವೀರಗಲ್ಲು, ಶಾಸನಗಳು ನಿಂತಿರುವುದು ಹೆಚ್ಚಾಗಿ ‘ಬಿ’ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗದಲ್ಲಿ. ಪಹಣಿಯಲ್ಲಿ ಅದಕ್ಕೆ ಒಡೆಯನಿಲ್ಲ, ಹಾಗಾಗಿ ತನ್ನ ಜಾಗ ಹೋಯಿತೆಂದು ಎದ್ದು ನಿಲ್ಲುವವರೂ ಇಲ್ಲ.

ತಾಂತ್ರಿಕವಾಗಿ ನಿಮ್ಮ ತಿರುವು ಕಠಿಣವಾದದ್ದಲ್ಲ. 3.75ರಿಂದ 5.5 ಎಂದರೆ ಹೆಚ್ಚಬೇಕಾದದ್ದು 1.75 ಮೀಟರ್. ರೂಢಿಯಲ್ಲಿ ಎರಡೂ ಬದಿಗೆ ಸಮನಾಗಿ ಹಂಚುತ್ತೇವೆ. ಆದರೆ ಒಂದು ಬದಿ ಅಡ್ಡಿಯಿದ್ದಲ್ಲಿ ಪೂರ್ತಿ 1.75 ಮೀಟರನ್ನೂ ಎದುರು ಬದಿಗೇ ಹಾಕುವುದುಂಟು. ತಿರುವಿನ ಎದುರು ಬದಿಯಲ್ಲಿ ಖಾಲಿ ಜಾಗವಿದ್ದರೆ ಮಧ್ಯರೇಖೆಯನ್ನು ಸರಿಸಿ ಎಂದು ಲಿಖಿತವಾಗಿ ಕೇಳಿ. ಕಲ್ಲಿನ ಬಳಿ ಕಂಪನವಿಲ್ಲದೆ ರೋಲರ್ ಓಡಿಸಬೇಕೆಂದೂ, ಹಳೆಯ ಡಾಂಬರಿನ ಮೇಲೆ ಹೊಸ ಪದರ ಏರಿಸುವ ಬದಲು ಹಳೆಯದನ್ನು ಕೆರೆದು ತೆಗೆಯಬೇಕೆಂದೂ ಬರೆಸಿ. ಈ ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಪ್ರತಿ ಸಲ ಪದರ ಏರುತ್ತ ರಸ್ತೆ ಎತ್ತರವಾಗಿ, ಪಕ್ಕದ ಗುಡಿಯ ಅಂಗಳ ತಗ್ಗಾಗಿ, ನಮ್ಮ ಮಳೆಗೆ ಮೂರು ತಿಂಗಳು ಅಧಿಷ್ಠಾನ (ಗುಡಿಯ ಬುಡದ ಕಟ್ಟೆ) ನೀರಿನಲ್ಲಿ ನಿಲ್ಲುತ್ತದೆ. ಬಳಪದ ಕಲ್ಲು ಹೀಗೆ ನೆನೆದು ಒಣಗುತ್ತಲೇ ಪದರ ಬಿಡುತ್ತದೆ. ಯಾವ ನಿಯಮವನ್ನೂ ಮುರಿಯದೆ ಒಂದು ಗುಡಿಯನ್ನು ಹಾಳುಮಾಡುವ ದಾರಿ ಇದು.

ಬಿದನೂರು, ಹೊಸನಗರ ತಾಲ್ಲೂಕು

ನಮ್ಮ ನಗರದ ಕೋಟೆಯ ಪಕ್ಕದಲ್ಲೇ ಕೊಲ್ಲೂರಿಗೆ ಹೋಗುವ ದಾರಿಯಿದೆ. ಕೆಳದಿಯ ಅರಸರ ರಾಜಧಾನಿಯಾಗಿದ್ದು, 1763ರಲ್ಲಿ ಹೈದರನ ಕೈಗೆ ಹೋದ ಊರಿದು. ಕೋಟೆಯ ಗೋಡೆಗೆ ರಕ್ಷಣೆಯಿದೆ. ಆದರೆ ಬಿದನೂರು ಕೋಟೆಯೊಳಗೆ ಮುಗಿಯುವ ಊರಾಗಿರಲಿಲ್ಲ. ಸುತ್ತಲಿನ ತೋಟ, ಕಾನುಗಳಲ್ಲಿ ಹಳೆಯ ಕೊಳಗಳು, ಜಂಬಿಟ್ಟಿಗೆಯ ಗೋಡೆಗಳು, ಮೆಟ್ಟಿಲುಗಳು ಹರಡಿಕೊಂಡಿವೆ. 100 ಮತ್ತು 200 ಸೇರಿದ 300 ಮೀಟರಿನ ಗೆರೆ ಅವುಗಳನ್ನು ಮುಟ್ಟುವುದಿಲ್ಲ.

ಇನ್ನೊಂದು ವಿಷಯವನ್ನು ಚರ್ಚೆಗೆ ಸೇರಿಸಲು ಇಚ್ಛಿಸುತ್ತೇನೆ. ಈಗಿರುವ 100 ಮೀಟರಿನ ಬಿಗಿಯನ್ನು ಸಡಿಲಿಸಿ, ನಿಷೇಧಿತ ಪ್ರದೇಶದಲ್ಲಿ ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ಅವಕಾಶ ಕೊಡುವ ಮಸೂದೆಗೆ 2018ರ ಜನವರಿ 2ರಂದು ಲೋಕಸಭೆ ಒಪ್ಪಿಗೆ ಕೊಟ್ಟಿತ್ತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು, ಅದು ಕಾಯಿದೆಯಾಗಲಿಲ್ಲ. ಆ ಬೇಡಿಕೆ ಮತ್ತೆ ಬಂದೀತು. ಹಳ್ಳಿಯವರ ಗೋಡೆ ದುರಸ್ತಿಗೆ ಸಡಿಲಿಕೆ ಕೊಡುವುದನ್ನು ನಾನು ಬೆಂಬಲಿಸುತ್ತೇನೆ, ಮೇಲ್ಸೇತುವೆಗೆ ಕೊಡುವುದನ್ನು ಬೆಂಬಲಿಸಲಾರೆ. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಅಭಿವೃದ್ಧಿ ಎಂದು ಕರೆಯುವುದರಿಂದಲೇ ಗೊಂದಲವಾಗುತ್ತಿದೆ. 3,693 ಕೇಂದ್ರ ಸಂರಕ್ಷಿತ ಸ್ಮಾರಕಗಳ ಪೈಕಿ 50 ಕಾಣೆಯಾಗಿವೆ, ಅವುಗಳಲ್ಲಿ 14 ನಗರೀಕರಣಕ್ಕೆ, 12 ಜಲಾಶಯಗಳ ಮುಳುಗಡೆಗೆ ಹೋದವು ಎಂದು ಸಂಸ್ಕೃತಿ ಸಚಿವಾಲಯವೇ ಸಂಸದೀಯ ಸಮಿತಿಗೆ ತಿಳಿಸಿತ್ತು. ಪಟ್ಟಿಯಲ್ಲಿದ್ದವುಗಳಿಗೇ ಈ ಗತಿ ಬಂದಿದೆ.

ಹಂಪಿಯ ನೆನಪನ್ನೂ ಮರೆಯಬಾರದು. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯ ಕಾರಣದಿಂದ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. 2009ರ ಜನವರಿಯಲ್ಲಿ ಆ ಸೇತುವೆ ನಿರ್ಮಾಣದ ಹಂತದಲ್ಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಆನೆಗೊಂದಿಯ ಜನರಿಗೆ ಸೇತುವೆ ಬೇಗ ಸಿಗುತ್ತಿತ್ತೆಂದು ನನಗೆ ಅನಿಸುತ್ತದೆ.

ನ್ಯಾಯವಾದಿ, ಸಾಗರ

ಬಿದನೂರು ಅವರ ಮಾತಿಗೆ ಒಂದು ಸೇರ್ಪಡೆ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 100 ಮೀಟರಿನ ಗೆರೆ ತಾನಾಗಿ ಬರುವುದಿಲ್ಲವೆಂದು ಹೇಳಿದ್ದೆ. ಆದರೆ ನ್ಯಾಯಾಲಯದ ದಾರಿ ಮುಚ್ಚಿಲ್ಲ. ಹೊಸಪೇಟೆಯ ಬಳಿಯ ಜಂಬುನಾಥಹಳ್ಳಿಯ ಜಂಬುನಾಥೇಶ್ವರ ದೇವಾಲಯ ರಾಜ್ಯ ಸಂರಕ್ಷಿತ ಸ್ಮಾರಕ. ಅದರ ಸುತ್ತಲಿನ ಗಣಿಗಾರಿಕೆಯ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2013ರಲ್ಲಿ ದೇವಾಲಯದ ಹತ್ತಿರ ಗಣಿಗಾರಿಕೆಗೆ ನಿರ್ಬಂಧ ಬಂತು. ಆದರೆ ಅಲ್ಲಿಯವರೆಗೆ ಹೋಗುವಷ್ಟು ಕಾಲ ಮೇಷ್ಟ್ರ ವೀರಗಲ್ಲಿಗಿಲ್ಲ.

ಈಗಿನ ಮಟ್ಟಿಗೆ ಅರ್ಜಿಯನ್ನು ಎರಡಾಗಿ ಬರೆಯಿರಿ. ದೇವಾಲಯದ ನಿಯಂತ್ರಿತ ಪ್ರದೇಶದಲ್ಲಿ ಬರುವ ರಸ್ತೆಯ ಭಾಗಕ್ಕೆ ಅನುಮತಿ ಪಡೆಯಲಾಗಿದೆಯೇ ಎಂದು ಒಂದರಲ್ಲಿ ಕೇಳಿ, ಪುರಾತತ್ವ ಇಲಾಖೆಗೂ ಪ್ರತಿ ಕಳುಹಿಸಿ. ಇನ್ನೊಂದರಲ್ಲಿ ಕಲ್ಲುಗಳ ವಿಷಯವಾಗಿ ಜಂಟಿ ಮೋಜಣಿ (ಸಂಬಂಧಪಟ್ಟವರೆಲ್ಲ ಸೇರಿ ಮಾಡುವ ಸ್ಥಳದ ಅಳತೆ) ನಡೆಸಬೇಕೆಂದು ತಹಶೀಲ್ದಾರರನ್ನು ಕೇಳಿ, ಅದರ ಹಿಂದೆ ಗ್ರಾಮಸಭೆಯ ನಿರ್ಣಯವಿರಲಿ. ದೇವಾಲಯಕ್ಕಾಗಿ ಇರುವ ಕಾನೂನನ್ನು ಕಲ್ಲುಗಳಿಗೆ ಎಳೆದು ಹೊದಿಸಲು ಹೋಗಬೇಡಿ, ಹಾಗೆ ಮಾಡಿದರೆ ಎರಡೂ ಅರ್ಜಿಗಳು ದುರ್ಬಲವಾಗುತ್ತವೆ.

ಕೆರೆಏರಿ, ಶಿಕಾರಿಪುರ ತಾಲ್ಲೂಕು

ಇಪ್ಪತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ.

ಗ್ರಾಮಸಭೆಯಲ್ಲಿ ಮೊದಲು ಜನ ಗಲಾಟೆ ಮಾಡಿದರು. ಮೇಷ್ಟ್ರು ರಸ್ತೆ ನಿಲ್ಲಿಸುತ್ತಾರೆ, ಇನ್ನು ಊರಿನಲ್ಲಿ ಒಂದು ಕೊಟ್ಟಿಗೆಯನ್ನೂ ಕಟ್ಟಲಾಗುವುದಿಲ್ಲ ಎಂದರು. ಹೆಂಚಿನಮನೆ ಅವರು ಬರೆದಿದ್ದ ಭಯ ಅಕ್ಷರಶಃ ನನ್ನೆದುರು ನಿಂತಿತ್ತು. ನ್ಯಾಯವಾದಿಗಳು ತಿಳಿಸಿದ್ದನ್ನು ಓದಿ ಹೇಳಿದೆ: ಕಲ್ಲನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಯಾರ ಮನೆಗೂ ಗೆರೆ ಬೀಳುವುದಿಲ್ಲ. ಇಂಜಿನಿಯರ್ ಸಾಹೇಬರು ಹೇಳಿದ 1.75 ಮೀಟರಿನ ಲೆಕ್ಕವನ್ನೂ ಚಿತ್ರ ಬರೆದು ತೋರಿಸಿದೆ. ರಸ್ತೆಯ ಅಗಲ ಒಂದು ಅಂಗುಲವೂ ಕಡಿಮೆಯಾಗುವುದಿಲ್ಲವೆಂದು ಕಂಡ ಮೇಲೆ ಮಾತು ತಣ್ಣಗಾಯಿತು. ಮಾಸ್ತಿಗಲ್ಲು ತಮ್ಮ ಮನೆತನದ್ದೆಂದು ಹೇಳಿಕೊಳ್ಳುವ ಹಿರಿಯರೊಬ್ಬರು ಎದ್ದು, ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಅದಕ್ಕೆ ಎಡೆ ಇಡುತ್ತೇವೆ, ಅದನ್ನು ಸಾಗಿಸಿದರೆ ಎಡೆ ಎಲ್ಲಿಡುವುದು ಎಂದು ಕೇಳಿದರು. ಅದರ ಮೇಲೆ ಯಾರೂ ಎದುರಾಡಲಿಲ್ಲ. ನಿರ್ಣಯವಾಯಿತು.

ಜಂಟಿ ಮೋಜಣಿ ಮೊನ್ನೆ ನಡೆಯಿತು. ಎದುರು ಬದಿ ‘ಬಿ’ ಖರಾಬೇ ಆಗಿದ್ದು, ತಿರುವಿನಲ್ಲಿ ಮಧ್ಯರೇಖೆಯನ್ನು ಆ ಕಡೆಗೆ ಸರಿಸಲು ಒಪ್ಪಿದ್ದಾರೆ. ಮೊದಲ ದಿನ ನನ್ನೊಡನೆ ಮಾತನಾಡಿದ ಅದೇ ಕಿರಿಯ ಅಧಿಕಾರಿ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದರು. ದೇವಾಲಯದ ಕಡೆಯ ಭಾಗಕ್ಕೆ ಅನುಮತಿ ಪಡೆದಿರಲಿಲ್ಲವೆಂದು ಗೊತ್ತಾಯಿತು, ಈಗ ಅರ್ಜಿ ಹೋಗಿದೆ, ಅದು ಬರುವವರೆಗೆ ಆ ತುಂಡನ್ನು ಬಿಟ್ಟು ಉಳಿದ ಕಡೆ ಕೆಲಸ ಶುರುಮಾಡುತ್ತಾರೆ. ತೂಬಿನ ಶಾಸನದ ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಮೋರಿಯನ್ನು ನಾಲ್ಕು ಮೀಟರ್ ಆಚೆ ಹಾಕಿದರೆ ಗದ್ದೆಗೆ ನೀರು ಹಾಯುವ ಕಾಲುವೆಯ ಮಟ್ಟ ಕೂಡಬೇಕು, ಅದಕ್ಕೆ ಕೆಳಗಿನ ಮೂವರು ರೈತರ ಒಪ್ಪಿಗೆ ಬೇಕು. ಇಬ್ಬರು ಒಪ್ಪಿದ್ದಾರೆ. ಮೂರನೆಯವರ ಆತಂಕ ನ್ಯಾಯವಾದದ್ದೇ, ಅವರ ಗದ್ದೆ ಎಲ್ಲರಿಗಿಂತ ಎತ್ತರದಲ್ಲಿದೆ.

ಶಾಸನಾಸಕ್ತೆ, ಸೊರಬ

ತುಂಬ ಸಂತೋಷವಾಯಿತು ಸರ್. ಪಂಚಾಯಿತಿಯ ಪುಸ್ತಕದಲ್ಲಿ ಹೇಗೆ ನಮೂದಿಸಿದ್ದೀರಿ ಎಂದು ಇಲ್ಲಿ ಹಾಕಿದರೆ ನಮ್ಮ ಊರುಗಳಲ್ಲೂ ಅದೇ ಮಾದರಿಯಲ್ಲಿ ಬರೆಸಬಹುದು. ತೂಬಿನ ಶಾಸನದ ಅಚ್ಚು ತೆಗೆಯಲು ನಾವು ಮೂವರೂ ಬರುತ್ತೇವೆ, ಕಾಗದ ಮತ್ತು ಕುಂಚ ನಮ್ಮಲ್ಲಿದೆ.

ಕೆರೆಏರಿ, ಶಿಕಾರಿಪುರ ತಾಲ್ಲೂಕು

ಖಂಡಿತ ಬನ್ನಿ, ಊಟಕ್ಕೆ ನಮ್ಮ ಮನೆಗೇ ಬರಬೇಕು. ಮೊದಲ ನಮೂದು ಹೀಗಿದೆ:

“ಕ್ರಮ ಸಂಖ್ಯೆ 1. ವೀರಗಲ್ಲು. ಮೂರು ಹಂತ. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದ ವೀರ, ಎರಡು ಹಸು. ಮುಖ ಪೂರ್ವಕ್ಕೆ. ನೆಲದಿಂದ ಎತ್ತರ 1.4 ಮೀಟರ್, ಹೂತಿರುವ ಭಾಗ ಅಳೆದಿಲ್ಲ. ರಸ್ತೆಯ ಈಗಿನ ಅಂಚಿನಿಂದ 1.2 ಮೀಟರ್, ಕೆರೆಯ ತೂಬಿನಿಂದ 86 ಮೀಟರ್. ಜಾಗ ‘ಬಿ’ ಖರಾಬು. ಸ್ಥಳದಿಂದ ಕದಲಿಸಬಾರದೆಂದು ಗ್ರಾಮಸಭೆಯ ನಿರ್ಣಯ. ಫೋಟೊ ಮೂರು ಲಗತ್ತಿಸಿದೆ.”

ಎರಡನೆಯ ವೀರಗಲ್ಲಿನ ಕೆಳಗಿನ ಹಂತ ಪೂರ್ತಿ ಮಣ್ಣಿನಲ್ಲಿದೆ. ಅದನ್ನು ನಾವಾಗಿ ಅಗೆಯುವುದು ಬೇಡವೆಂದು ಆ ಅಂಕಣವನ್ನು ಖಾಲಿ ಬಿಟ್ಟು, ಇಲಾಖೆಯವರು ಬಂದು ನೋಡಬೇಕೆಂದು ಪತ್ರ ಬರೆದಿದ್ದೇವೆ.